ಅಕ್ಟೋಬರಿನಿಂದ ಡಿಸೆಂಬರಿನವರೆಗೆ: ಕೊಡಗಿನ ಪ್ರಾಥಮಿಕ ಶಾಲೆಯೊಂದು ತನ್ನ ವಾರ್ತಾಪತ್ರವನ್ನು ಸಿದ್ಧಪಡಿಸುವ ಬಗೆ

ಶಾಲೆಯ ವಾರ್ತಾಪತ್ರಕ್ಕೆ ಕೊಡಗಿನ ಶಾಲೆಗಳು ನೋಡಿ ಕಲಿಯಬಹುದಾದ ಒಂದು ರೂಢಿ ಐರ್ಲೆಂಡಿನಲ್ಲಿದೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಶೈಕ್ಷಣಿಕ ವರ್ಷವು ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರ್ ಆರಂಭದಲ್ಲಿ ತೊಡಗುತ್ತದೆ. ಅಲ್ಲಿಂದ ಕ್ರಿಸ್‌ಮಸ್ ರಜೆಯವರೆಗಿನದು ಮೊದಲ ಅವಧಿ. ಅಕ್ಟೋಬರಿನಲ್ಲಿ ಗಣಿತ ಸಪ್ತಾಹ, ಆ ತಿಂಗಳ ಕೊನೆಗೆ ಹ್ಯಾಲೋವೀನ್ ಹಬ್ಬಕ್ಕೆ ಹೊಂದಿಕೊಂಡ ಮಧ್ಯಂತರ ರಜೆ, ನವೆಂಬರಿನಲ್ಲಿ ವಿಜ್ಞಾನ ಸಪ್ತಾಹ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಾಡು ಮತ್ತು ನಾಟಕ, ಹೀಗೆ ಆ ತಿಂಗಳುಗಳು ಬಿಡುವಿಲ್ಲದೆ ಸಾಗುತ್ತವೆ. ಇದೆಲ್ಲದರ ಸುದ್ದಿಯನ್ನು ಕೆಲವೇ ಪುಟಗಳ ವಾರ್ತಾಪತ್ರವಾಗಿ ಮನೆಗಳಿಗೆ ತಲುಪಿಸುವುದು ಅಲ್ಲಿನ ಅನೇಕ ಶಾಲೆಗಳ ರೂಢಿ. ಎರಡು ಮೂರು ಶಿಕ್ಷಕರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಹಳ್ಳಿ ಶಾಲೆಗಳು ಅಲ್ಲಿಯೂ ಇವೆ. ಆದ್ದರಿಂದ ಇದು ಹಣವಿರುವ ಶಾಲೆಗಳಿಗೆ ಮಾತ್ರ ಸಾಧ್ಯವಾಗುವ ಕೆಲಸವೆಂದು ಭಾವಿಸಬೇಕಾಗಿಲ್ಲ.

ನಮ್ಮಲ್ಲಿ ಶಾಲೆ ಆರಂಭವಾಗುವುದು ಮಳೆಗಾಲದ ಹೊಸ್ತಿಲಲ್ಲಿ. ದಸರಾ ರಜೆ ಮುಗಿದು ಎರಡನೆಯ ಅರ್ಧ ತೊಡಗುವ ಹೊತ್ತಿಗೆ ಕೊಡಗಿನಲ್ಲಿ ದೊಡ್ಡ ಮಳೆ ಹಿಂದೆ ಸರಿದಿರುತ್ತದೆ, ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿ ಪ್ರಾರ್ಥನೆ ಮಾಡಿಸಲು ಸಾಧ್ಯವಾಗುತ್ತದೆ, ಗದ್ದೆಗಳಲ್ಲಿ ಭತ್ತ ತೆನೆಯೊಡೆದಿರುತ್ತದೆ. ತುಲಾ ಸಂಕ್ರಮಣ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಶಾಲಾಮಕ್ಕಳ ಸ್ಪರ್ಧೆಗಳ ಪ್ರತಿಭಾ ಕಾರಂಜಿ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಎಲ್ಲವೂ ಈ ಮೂರು ತಿಂಗಳ ಆಸುಪಾಸಿನಲ್ಲೇ ಬರುತ್ತವೆ. ಆದರೆ ಶಾಲೆಯಲ್ಲಿ ನಡೆದದ್ದು ಮನೆಗೆ ತಲುಪುವುದು ಬಹುಮಟ್ಟಿಗೆ ಮೊಬೈಲಿಗೆ ಬಂದ ಒಂದೆರಡು ಗುಂಪು ಚಿತ್ರಗಳ ಮೂಲಕ ಮಾತ್ರ. ಮುಖ್ಯಶಿಕ್ಷಕರು, ಸಹಶಿಕ್ಷಕರು ಹಾಗೂ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಸೇರಿ ಈ ಅವಧಿಗೆ ಒಂದು ವಾರ್ತಾಪತ್ರವನ್ನು ಹೇಗೆ ರೂಪಿಸಬಹುದು, ಅದಕ್ಕೆ ತಕ್ಕಂತೆ ಚಟುವಟಿಕೆಗಳನ್ನು ಹೇಗೆ ಆರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪತ್ರದಿಂದ ಹಿಂದಕ್ಕೆ ಯೋಚಿಸಬೇಕು

ಸಾಮಾನ್ಯವಾಗಿ ಕಾರ್ಯಕ್ರಮಗಳೆಲ್ಲ ಮುಗಿದ ಮೇಲೆ, ಕೈಯಲ್ಲಿ ಉಳಿದ ಚಿತ್ರಗಳನ್ನು ಜೋಡಿಸಿ ವರದಿ ಬರೆಯಲಾಗುತ್ತದೆ. ಅದರಲ್ಲಿ ಅತಿಥಿಗಳ ಹೆಸರು ಇರುತ್ತದೆ, ಮಕ್ಕಳು ಏನು ಮಾಡಿದರೆಂಬುದು ಇರುವುದಿಲ್ಲ. ಈ ಕ್ರಮವನ್ನು ತಿರುಗಿಸಿ, ರಜೆ ಮುಗಿದ ಮೊದಲ ವಾರದಲ್ಲೇ ಖಾಲಿ ನಾಲ್ಕು ಪುಟಗಳನ್ನು ಮುಂದಿಟ್ಟುಕೊಂಡು, ಡಿಸೆಂಬರ್ ಮೂರನೆಯ ವಾರದಲ್ಲಿ ಈ ಪುಟಗಳಲ್ಲಿ ಏನಿರಬೇಕೆಂದು ಶಿಕ್ಷಕರು ಕೂತು ನಿರ್ಧರಿಸುವುದು ಒಳ್ಳೆಯದು. ಮಗು ತಾನೇ ಅಳೆದ, ಎಣಿಸಿದ, ಕೇಳಿ ತಿಳಿದ ಅಥವಾ ಮಾಡಿದ ಸಂಗತಿಯಿದ್ದರೆ ಮಾತ್ರ ಅದಕ್ಕೆ ಪುಟದಲ್ಲಿ ಜಾಗ ಎಂಬುದೊಂದೇ ನಿಯಮವನ್ನು ಇಟ್ಟುಕೊಂಡರೆ ಸಾಕು. ಹೀಗೆ ಮಾಡಿದಾಗ ಚಟುವಟಿಕೆಗಳ ಆಯ್ಕೆಯೂ ತಾನಾಗಿಯೇ ಬದಲಾಗುತ್ತದೆ. ಒಂದು ಗಂಟೆಯ ಭಾಷಣ ಕಾರ್ಯಕ್ರಮದಿಂದ ಬರೆಯಲು ಏನೂ ಸಿಗುವುದಿಲ್ಲವೆಂಬುದು ಯೋಜನೆಯ ಹಂತದಲ್ಲೇ ಗೊತ್ತಾಗುತ್ತದೆ.

ಮೂರು ತಿಂಗಳಿಗೆ ಮೂರು ದೊಡ್ಡ ಚಟುವಟಿಕೆಗಳು ಸಾಕು. ಉಳಿದ ಆಚರಣೆಗಳು ಇಲಾಖೆಯ ಸೂಚನೆಯಂತೆ ನಡೆಯುತ್ತಲೇ ಇರುತ್ತವೆ, ಅವುಗಳಿಗೆ ತಲಾ ಎರಡು ಸಾಲು ಮೀಸಲಿಡಬಹುದು. ಮೊದಲನೆಯ ಹಾಳೆಯಾಗಿ, ಅಕ್ಟೋಬರ್ ಮಧ್ಯದಲ್ಲಿ, ಮುಂದಿನ ದಿನಗಳ ಪಟ್ಟಿಯನ್ನಷ್ಟೇ ಒಂದು ಪುಟದಲ್ಲಿ ಮನೆಗೆ ಕಳುಹಿಸುವುದು ಅಗತ್ಯ. ಯಾವ ದಿನ ಏನು, ಮಗು ಏನು ತರಬೇಕು, ಎಷ್ಟು ಗಂಟೆಗೆ ಬಿಡುತ್ತೇವೆ ಎಂಬ ಮೂರು ವಿಷಯಗಳು ಅದರಲ್ಲಿದ್ದರೆ ಪೋಷಕರಿಗೆ ಉಳಿದದ್ದು ಬೇಕಾಗಿಲ್ಲ.

ದಿನಗಳನ್ನು ಗೊತ್ತುಮಾಡುವುದು

ದಿನ ನಿಗದಿಪಡಿಸುವಾಗ ಶಾಲಾ ಕ್ಯಾಲೆಂಡರಿನ ಜೊತೆಗೆ ತೋಟದ ಕೆಲಸವನ್ನೂ ನೋಡಬೇಕು. ತುಲಾ ಸಂಕ್ರಮಣವು ಸಾಮಾನ್ಯವಾಗಿ ಅಕ್ಟೋಬರ್ 17ರಂದು, ಕೆಲವು ವರ್ಷ 18ರಂದು ಬರುತ್ತದೆ. ಅಂದು ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆ ಹೋಗುವ ಮನೆಗಳು ಹೆಚ್ಚಿರುವ ಊರುಗಳಲ್ಲಿ ಅದರ ಹಿಂದುಮುಂದಿನ ಎರಡು ದಿನ ಹಾಜರಾತಿ ತೆಳುವಾಗಿರುತ್ತದೆ. ಹುತ್ತರಿಯ ದಿನ ಮತ್ತು ಮುಹೂರ್ತಗಳು ಪ್ರತಿವರ್ಷ ಕಕ್ಕಬ್ಬೆಯ ಪಾಡಿ ಶ್ರೀ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುತ್ತವೆ. ನವೆಂಬರ್ ಕೊನೆಯೋ ಡಿಸೆಂಬರೋ ಎಂಬುದು ಅಲ್ಲಿಯವರೆಗೆ ತಿಳಿಯದಿರುವುದರಿಂದ, ಆ ವಾರಗಳಲ್ಲಿ ಏನನ್ನೂ ಬಿಗಿಯಾಗಿ ಕಟ್ಟಿಕೊಳ್ಳಬಾರದು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್–ಡಿಸೆಂಬರಿನಲ್ಲಿ ಬಿರುಸಾಗುತ್ತದೆ, ರೊಬಸ್ಟಾ ಜನವರಿಯ ಆಚೆಗೆ. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ದಿನಗಳಲ್ಲಿ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ತಂದೆತಾಯಿಯರನ್ನು ಬೆಳಿಗ್ಗೆ ಹನ್ನೊಂದು ಗಂಟೆಯ ಪೋಷಕರ ಸಭೆಗೆ ಕರೆದರೆ ಅವರು ಬರುವುದಿಲ್ಲ, ಬರದಿರುವುದಕ್ಕೆ ಅವರನ್ನು ದೂರುವುದೂ ನ್ಯಾಯವಲ್ಲ. ಹತ್ತಿರದ ತೋಟಗಳಲ್ಲಿ ವಾರದ ರಜೆ ಯಾವ ದಿನವೆಂದು ವಿಚಾರಿಸಿ ಆ ದಿನವೇ ಸಭೆಯನ್ನು ಇಟ್ಟುಕೊಳ್ಳಬೇಕು. ಸಂತೆಯ ದಿನವಾದರೆ ಸಂತೆಗೆ ಹೊರಡುವ ಮುನ್ನ, ಬೆಳಿಗ್ಗೆ ಬೇಗನೆ ಮುಗಿಸಬೇಕು.

ಆನೆಗಳ ಓಡಾಟವಿರುವ ಊರುಗಳಲ್ಲಿ ಸಂಜೆಯ ಕಾರ್ಯಕ್ರಮವೆಂಬುದೇ ಬೇಡ. ಭತ್ತ ಹಣ್ಣಾಗುವ ಹೊತ್ತಿಗೆ ಆನೆಗಳು ಗದ್ದೆಗಳತ್ತ ಇಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ನಾಟಕ, ಕೋಲಾಟ, ಬಹುಮಾನ ವಿತರಣೆ ಎಲ್ಲವನ್ನೂ ಹಗಲಿನಲ್ಲೇ ಮುಗಿಸಿ, ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳು ಬೆಳಕಿರುವಾಗಲೇ ದೊಡ್ಡವರೊಂದಿಗೆ ಮನೆ ಸೇರುವಂತೆ ವೇಳಾಪಟ್ಟಿಯನ್ನು ರೂಪಿಸಬೇಕು. ಆ ಬೆಳಿಗ್ಗೆ ಆನೆ ಬಂದಿರುವ ಸುದ್ದಿಯಿದ್ದರೆ ಹೊರಗಿನ ಚಟುವಟಿಕೆಯನ್ನು ಮುಂದೂಡುವ ಅಧಿಕಾರ ಶಾಲೆಯಲ್ಲಿರುವ ಯಾವುದೇ ಶಿಕ್ಷಕರಿಗೂ ಇರಲಿ, ಮುಖ್ಯಶಿಕ್ಷಕರ ಫೋನಿಗೆ ನೆಟ್‌ವರ್ಕ್ ಸಿಗುವವರೆಗೆ ಕಾಯುವಂತಾಗಬಾರದು.

ರಜೆಯಿಂದ ಬಂದ ಮಕ್ಕಳ ಬಾಯಲ್ಲಿ ಮೊದಲ ಎರಡು ದಿನ ಮಡಿಕೇರಿ ದಸರಾದ ರಾತ್ರಿ ಮೆರವಣಿಗೆಯಲ್ಲಿ ಬರುವ, ಆಡುವ ಬೊಂಬೆಗಳ ಮಂಟಪಗಳ ಮಾತೇ ಇರುತ್ತದೆ. ಯಾವ ಮಂಟಪದಲ್ಲಿ ಯಾವ ರಾಕ್ಷಸನ ಕೈ ಹೇಗೆ ಆಡಿತು, ನಿದ್ದೆಗೆಟ್ಟು ಎಷ್ಟು ಹೊತ್ತು ನೋಡಿದೆವು ಎಂಬುದನ್ನು ತಡೆಯದೆ, ಅದನ್ನೇ ಅವಧಿಯ ಮೊದಲ ಬರವಣಿಗೆಯಾಗಿ ಬರೆಯಿಸಿ ಎತ್ತಿಡಬಹುದು. ಹೋಗದ ಮಕ್ಕಳಿಗೆ ರಜೆಯಲ್ಲಿ ಮನೆಯ ಹತ್ತಿರ ಕಂಡ ಒಂದು ಸಂಗತಿ ಸಾಕು.

ಮಳೆಯನ್ನು ಅಳೆಯುವುದು

ಐರ್ಲೆಂಡಿನ ಗಣಿತ ಸಪ್ತಾಹ 2006ರಲ್ಲಿ ಆರಂಭವಾಯಿತು. ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು, ನಡೆಯುವ ದಾರಿಯಲ್ಲೇ ಲೆಕ್ಕವನ್ನು ಹುಡುಕಿಸುವ ಗಣಿತ ನಡಿಗೆ ಅದರ ಚಟುವಟಿಕೆಗಳಲ್ಲೊಂದು. ಕೊಡಗಿನ ಶಾಲೆಗೆ ಇದಕ್ಕೆ ಸಮನಾದ, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಹೆಚ್ಚು ದಿನ ಬಾಳುವ ಚಟುವಟಿಕೆ ಮಳೆಯ ಅಳತೆ. ನೈಋತ್ಯ ಮಳೆ ಹೋದ ಮೇಲೆ ಅಕ್ಟೋಬರ್–ನವೆಂಬರಿನಲ್ಲಿ ಮಧ್ಯಾಹ್ನದ ಹೊತ್ತು ಗುಡುಗಿನೊಡನೆ ಬರುವ ಹಿಂಗಾರು ಮಳೆಯನ್ನು ಅಳೆಯುವುದು ಸುಲಭ, ಏಕೆಂದರೆ ಜುಲೈ ತಿಂಗಳಿನಂತೆ ಅದು ಪಾತ್ರೆಯನ್ನು ತುಂಬಿ ಹೊರಚೆಲ್ಲುವುದು ಅಪರೂಪ.

ನೇರ ಬದಿಗಳಿರುವ ಎರಡು ಲೀಟರಿನ ಪಾರದರ್ಶಕ ಬಾಟಲಿಯನ್ನು ತೆಗೆದುಕೊಂಡು, ಕುತ್ತಿಗೆಯ ಇಳಿಜಾರು ಮುಗಿದು ಬದಿ ನೇರವಾಗುವಲ್ಲಿ ಕತ್ತರಿಸಬೇಕು. ಕತ್ತರಿಸುವ ಕೆಲಸ ಶಿಕ್ಷಕರದು. ಮೇಲಿನ ತುಂಡನ್ನು ಬೋರಲಾಗಿ ಕೂರಿಸಿದರೆ ಅದೇ ಆಲಿಕೆಯಾಗುತ್ತದೆ. ಅದರ ಬಾಯಿಯೂ ಬಾಟಲಿಯ ಅಗಲವೂ ಒಂದೇ ಆಗಿರುವುದರಿಂದ ಒಳಗಿನ ನೀರಿನ ಎತ್ತರವೇ ಮಳೆಯ ಅಳತೆಯಾಗುತ್ತದೆ. ಬಾಟಲಿಯ ತಳ ಸಮತಟ್ಟಾಗಿಲ್ಲದ ಕಾರಣ ಅಲ್ಲಿ ಸಣ್ಣ ಕಲ್ಲುಗಳನ್ನು ಹಾಕಿ, ನೇರ ಬದಿ ಆರಂಭವಾಗುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅಂಟಿಸಬೇಕು. ಇದನ್ನು ಅಂಗಳದ ನಡುವೆ, ನೆಲದ ಕೆಸರು ಸಿಡಿದು ಒಳಗೆ ಬೀಳದಷ್ಟು ಎತ್ತರದಲ್ಲಿ, ಒಂದು ಗೂಟಕ್ಕೆ ಕಟ್ಟಬೇಕು. ಕೊಡಗಿನ ಶಾಲೆಗಳ ಸುತ್ತ ಸಿಲ್ವರ್ ಓಕ್ ಮರಗಳು ಹೆಚ್ಚು. ಮರದ ಕೆಳಗೆ ಅಥವಾ ಮಾಡಿನ ಅಂಚಿನಲ್ಲಿ ಇಟ್ಟ ಮಾಪಕ ಎಲೆಯ ಹನಿಯನ್ನು ಅಳೆಯುತ್ತದೆಯೇ ಹೊರತು ಮಳೆಯನ್ನಲ್ಲ.

ಪ್ರತಿದಿನ ಒಂದೇ ಹೊತ್ತಿಗೆ, ಪ್ರಾರ್ಥನೆಗೆ ಮುಂಚೆ, ನಾಲ್ಕನೆಯ ಅಥವಾ ಐದನೆಯ ತರಗತಿಯ ಇಬ್ಬರು ಮಕ್ಕಳು ಅಳತೆಯನ್ನು ಓದಿ, ನೀರು ಚೆಲ್ಲಿ, ಸೊನ್ನೆಯ ಗುರುತಿಗೆ ಮತ್ತೆ ನೀರು ತುಂಬಿ ಬರಬೇಕು. ಓದುವಾಗ ಕಣ್ಣು ನೀರಿನ ಮಟ್ಟಕ್ಕೆ ಬರುವಂತೆ ಬಾಗಬೇಕೆಂಬುದನ್ನು ಮೊದಲ ದಿನ ತೋರಿಸಿಕೊಟ್ಟರೆ ಸಾಕು, ಆಮೇಲೆ ಮಕ್ಕಳೇ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಭಾನುವಾರದ ಮಳೆ ಸೋಮವಾರದ ಲೆಕ್ಕದಲ್ಲಿ ಸೇರಿಕೊಳ್ಳುವುದರಿಂದ ಆ ಅಂಕಿಯ ಪಕ್ಕದಲ್ಲಿ ‘ಎರಡು ದಿನದ್ದು’ ಎಂದು ಬರೆಯಿಸಬೇಕು. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲು ಮರೆತರೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿಂದ ಲೆಕ್ಕ ತಾನಾಗಿ ಬೆಳೆಯುತ್ತದೆ. ಪಠ್ಯಪುಸ್ತಕದಲ್ಲಿ ಮಿಲಿಮೀಟರ್ ಇದ್ದರೂ ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆಯ ಮಾತು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ ನಡೆಯುತ್ತದೆ. ಒಂದು ಇಂಚಿಗೆ ನೂರು ಸೆಂಟು, ಒಂದು ಇಂಚೆಂದರೆ 25.4 ಮಿಲಿಮೀಟರ್. ನಿನ್ನೆ 40 ಸೆಂಟು ಮಳೆಯಾಯಿತೆಂದು ಅಜ್ಜ ಹೇಳಿದರೆ ಅದು ಶಾಲೆಯ ಬಾಟಲಿಯಲ್ಲಿ ಸುಮಾರು 10 ಮಿಲಿಮೀಟರ್ ಆಗಬೇಕು. ಆಗದಿದ್ದರೆ ಏಕೆಂಬ ಪ್ರಶ್ನೆ ಏಳುತ್ತದೆ, ಒಂದು ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯದಿರುವ ಸಂಗತಿ ಮಕ್ಕಳಿಗೆ ಅಂಕಿಯಲ್ಲಿ ಕಾಣುತ್ತದೆ. ದಶಕಗಳಿಂದ ಮಳೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿರುವ ಮನೆಗಳು ಕೊಡಗಿನಲ್ಲಿವೆ. ಅಂಥ ಮನೆಯ ಹಿರಿಯರೊಬ್ಬರನ್ನು ಪುಸ್ತಕದೊಂದಿಗೆ ಒಂದು ಗಂಟೆ ಶಾಲೆಗೆ ಕರೆದರೆ, ಕಳೆದ ವರ್ಷದ ಇದೇ ತಿಂಗಳ ಅಂಕಿಗಳನ್ನು ಮಕ್ಕಳು ನಕಲು ಮಾಡಿಕೊಂಡು ಹೋಲಿಸಬಹುದು. 2018ರ ಆಗಸ್ಟ್‌ನ ಪುಟಕ್ಕೆ ಬಂದಾಗ ಆ ಹಿರಿಯರು ಏನು ಹೇಳುತ್ತಾರೆಂಬುದನ್ನು ಅವರ ಇಷ್ಟಕ್ಕೇ ಬಿಡಬೇಕು. ಆಗಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ತರಗತಿಯಲ್ಲಿದ್ದರೆ ಆ ಪುಟವನ್ನು ತೆರೆಯದಿರುವಂತೆ ಮೊದಲೇ ಕೇಳಿಕೊಳ್ಳುವುದು ಉಚಿತ.

ದೊಡ್ಡ ತರಗತಿಯವರಿಗೆ ಮತ್ತೊಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಶಾಲೆಯ ಮಾಡು ಆವರಿಸುವ ಜಾಗವನ್ನು ನೆಲದ ಮೇಲೆ ಅಳೆದು, ಅದು ನೂರು ಚದರ ಮೀಟರ್ ಎಂದು ಕಂಡರೆ, ಒಂದು ಇಂಚು ಮಳೆಗೆ 2,540 ಲೀಟರ್ ನೀರು ಮಾಡಿನಿಂದ ಇಳಿದು ಹೋಯಿತೆಂದಾಯಿತು. ಬಿಸಿಯೂಟದ ಪಾತ್ರೆ ತೊಳೆಯಲು ದಿನಕ್ಕೆ ಎಷ್ಟು ಬಕೆಟ್ ನೀರು ಬೇಕೆಂದು ಅಡುಗೆಯವರನ್ನು ಕೇಳಿ ಬಂದ ಮಗು ಉಳಿದ ಭಾಗಾಕಾರವನ್ನು ತಾನೇ ಮಾಡುತ್ತದೆ. ಡಿಸೆಂಬರ್ 22, ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನ, ರಾಷ್ಟ್ರೀಯ ಗಣಿತ ದಿನ. ಅಂದು ಮೂರು ತಿಂಗಳ ಮಳೆಯ ನಕ್ಷೆಯನ್ನು ಗೋಡೆಗೆ ಹಾಕುವುದೇ ಆಚರಣೆಯಾಗಲಿ.

ಹುತ್ತರಿ ಮತ್ತು ಹಿರಿಯರ ಮಾತು

ಹ್ಯಾಲೋವೀನ್ ಇಂದು ಕುಂಬಳಕಾಯಿ ಮತ್ತು ವೇಷಗಳ ಹಬ್ಬವಾಗಿ ಕಾಣುತ್ತಿದ್ದರೂ, ಅದರ ಬೇರು ಸುಗ್ಗಿ ಮುಗಿದು ಚಳಿಗಾಲ ತೊಡಗುವುದನ್ನು ಸೂಚಿಸುತ್ತಿದ್ದ ಸೌವಿನ್ ಎಂಬ ಹಳೆಯ ಐರಿಷ್ ಹಬ್ಬದಲ್ಲಿದೆ. ಐರ್ಲೆಂಡಿನಲ್ಲಿ ಹಿಂದೆ ಕುಂಬಳಕಾಯಿಯ ಬದಲು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು. ಇಂಥ ವಿವರಗಳು ಉಳಿದುಕೊಂಡಿರುವುದರಲ್ಲಿ ಶಾಲಾಮಕ್ಕಳ ಪಾಲು ದೊಡ್ಡದು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗವು ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಂದ ಅವರ ಅಜ್ಜ ಅಜ್ಜಿಯರು, ತಂದೆತಾಯಿಯರು, ನೆರೆಹೊರೆಯವರು ಹೇಳಿದ ಕಥೆ, ಹಬ್ಬ, ಮನೆಮದ್ದು, ಕಸುಬು, ಸ್ಥಳಪುರಾಣಗಳನ್ನು ಬರೆಯಿಸಿತು. ಸುಮಾರು ಐದು ಸಾವಿರ ಶಾಲೆಗಳ ಸುಮಾರು ಐವತ್ತು ಸಾವಿರ ಮಕ್ಕಳು ಬರೆದ ಆ ಪುಟಗಳು ಇಂದಿಗೂ ಸುರಕ್ಷಿತವಾಗಿವೆ. ಒಂದು ದೇಶದ ನೆನಪನ್ನು ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಬರಹಕ್ಕೆ ವಹಿಸಿದ ಆ ಧೈರ್ಯವನ್ನು ಮೆಚ್ಚಲೇಬೇಕು.

ನಮ್ಮಲ್ಲಿ ಇದಕ್ಕೆ ಹುತ್ತರಿಗಿಂತ ಒಳ್ಳೆಯ ಸಂದರ್ಭವಿಲ್ಲ. ಶಾಲೆಯ ವೇದಿಕೆಯ ಮೇಲೆ ನಾಲ್ವರಿಗೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಪಸ ತೊಡಿಸಿ ಚಿತ್ರ ತೆಗೆಯುವುದಕ್ಕಿಂತ, ಹಬ್ಬಕ್ಕೆ ಎರಡು ವಾರ ಮುಂಚೆ ಪ್ರತಿ ಮಗುವಿನ ಕೈಗೆ ಐದು ಪ್ರಶ್ನೆಗಳ ಒಂದು ಚೀಟಿ ಕೊಡಬೇಕು. ಪ್ರಶ್ನೆಗಳು ಹಬ್ಬವನ್ನು ಆಚರಿಸುವ ಮನೆಗಳಿಗೆ ಮಾತ್ರ ಹೊಂದುವಂತಿರಬಾರದು. ಕೊಡವರ ಮತ್ತು ಅರೆಭಾಷೆ ಗೌಡರ ಮನೆಯ ಮಕ್ಕಳ ಜೊತೆಗೆ ಎರವ, ಕುರುಬ ಕುಟುಂಬಗಳ ಮಕ್ಕಳು, ಮಲಯಾಳ ಅಥವಾ ತುಳು ಮಾತಾಡುವ ಮಕ್ಕಳು, ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಶಾಲೆಗಳು ಇಲ್ಲಿವೆ. ‘ನೀವು ಚಿಕ್ಕವರಿದ್ದಾಗ ಭತ್ತದ ಕೊಯ್ಲಿನ ದಿನ ಮನೆಯಲ್ಲಿ ಏನು ಅಡುಗೆ ಮಾಡುತ್ತಿದ್ದರು?’, ‘ಗದ್ದೆಯಲ್ಲಿ ಯಾವ ಕೆಲಸ ನಿಮ್ಮದಾಗಿತ್ತು?’, ‘ಗದ್ದೆಯಲ್ಲಿ ಏಡಿ, ಮೀನು ಹಿಡಿದದ್ದುಂಟೇ, ಹೇಗೆ?’, ‘ಮೊದಲ ಕದಿರನ್ನು ಯಾರು ಕೊಯ್ಯುತ್ತಿದ್ದರು?’, ‘ಆಗ ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಏನಿದೆ?’ ಎಂಬಂಥ ಪ್ರಶ್ನೆಗಳಿಗೆ ಯಾವ ಮನೆಯಲ್ಲಿಯೂ ಉತ್ತರವುಂಟು. ಕೊನೆಯ ಪ್ರಶ್ನೆಯನ್ನು ಬಿಡಬಾರದು, ಏಕೆಂದರೆ ಪಾಳುಬಿದ್ದ ಅಥವಾ ಬೇರೆ ಬೆಳೆಗೆ ತಿರುಗಿದ ಗದ್ದೆಗಳು ಪ್ರತಿ ಊರಿನಲ್ಲೂ ಕಣ್ಣಿಗೆ ಬೀಳುತ್ತಿವೆ.

ಉತ್ತರವನ್ನು ಹೇಳಿದವರ ಮಾತಿನಲ್ಲೇ ಬರೆಯಿಸಬೇಕು. ಅಜ್ಜಿ ಕೊಡವ ತಕ್ಕಿನಲ್ಲಿಯೋ ಅರೆಭಾಷೆಯಲ್ಲಿಯೋ ಹೇಳಿದ ಒಂದು ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು, ಕೆಳಗೆ ಕನ್ನಡದ ಅರ್ಥ ಕೊಡಬಹುದು. ತಪ್ಪಾಗಬಹುದೆಂದು ಹೆದರುವ ಮಗುವಿಗೆ, ಕೇಳಿಸಿದಂತೆ ಬರೆದರೆ ಸಾಕೆಂದು ಧೈರ್ಯ ಹೇಳಬೇಕು.

ಗದ್ದೆ ಹತ್ತಿರವಿದ್ದರೆ, ಒಡೆಯರ ಒಪ್ಪಿಗೆ ಪಡೆದು, ಕೊಯ್ಲಿನ ನಂತರದ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದೊಯ್ಯಬೇಕು. ಹುತ್ತರಿಯ ಕದಿರು ತೆಗೆಯುವ ಮೊದಲು ಗದ್ದೆಗೆ ಇಳಿಯುವುದು ಕೆಲವು ಮನೆಗಳಿಗೆ ಇಷ್ಟವಾಗದಿರಬಹುದು, ಆದ್ದರಿಂದ ಕೇಳಿಯೇ ದಿನ ಗೊತ್ತುಮಾಡಬೇಕು. ಶಾಲೆಗೆ ತಂದ ಒಂದೊಂದು ತೆನೆಯನ್ನು ಇಬ್ಬರು ಮಕ್ಕಳಿಗೆ ಕೊಟ್ಟು, ಹಳೆಯ ದಿನಪತ್ರಿಕೆಯ ಮೇಲೆ ಕಾಳು ಉದುರಿಸಿ, ಗಟ್ಟಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿ, ಹತ್ತರ ಗುಂಪುಗಳಲ್ಲಿ ಎಣಿಸಲು ಹೇಳಬೇಕು. ಎಣಿಸುವ ಮುನ್ನ ಪ್ರತಿ ಜೋಡಿಯೂ ತನ್ನ ಊಹೆಯನ್ನು ಕರಿಹಲಗೆಯ ಮೇಲೆ ಬರೆದಿಡಲಿ. ಊಹೆಗೂ ಎಣಿಕೆಗೂ ಇರುವ ಅಂತರವೇ ತರಗತಿಯ ಆ ದಿನದ ಗಲಾಟೆಯಾಗುತ್ತದೆ, ಆ ಗಲಾಟೆಯನ್ನು ನಿಲ್ಲಿಸಬಾರದು. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿಕಲಿಯ ಚಿಕ್ಕ ಮಕ್ಕಳೂ ಇದರಲ್ಲಿ ಪೂರ್ತಿಯಾಗಿ ಸೇರಿಕೊಳ್ಳಬಲ್ಲರು. ಕೋಲಾಟಕ್ಕೆ ಹಗುರವಾದ ಕೋಲುಗಳಿರಲಿ. ಹಬ್ಬದ ರಾತ್ರಿ ಮನೆಗಳಲ್ಲಿ ಪಟಾಕಿ ಇರುವುದು ನಿಜ, ಶಾಲೆಯಲ್ಲಿ ಅದು ಬೇಡ.

ಸಂತೆ, ಗ್ರಾಮಸಭೆ ಮತ್ತು ಪ್ರತಿಭಾ ಕಾರಂಜಿ

ಮಕ್ಕಳ ಸಂತೆ ರಾಜ್ಯದ ಹೆಚ್ಚಿನ ಶಾಲೆಗಳಲ್ಲಿ ನಡೆಯುತ್ತಿರುವುದರಿಂದ ಅದನ್ನು ನಡೆಸುವ ವಿಧಾನವನ್ನು ಹೇಳಬೇಕಾಗಿಲ್ಲ. ಎರಡೇ ಸೂಚನೆಗಳಿವೆ. ಮಾರಾಟಕ್ಕೆ ಬರುವುದು ಮನೆಯ ಹಿತ್ತಲಿನದೇ ಆಗಿರಲಿ: ಸೊಪ್ಪು, ಗೆಣಸು, ಗಾಂಧಾರಿ ಮೆಣಸು, ಬಾಳೆ, ಆ ಹೊತ್ತಿಗೆ ಹಣ್ಣಾಗಿದ್ದರೆ ಕಿತ್ತಳೆ. ಪೇಟೆಯಿಂದ ಚಿಪ್ಸ್ ಪೊಟ್ಟಣ ತಂದು ಮಾರುವುದನ್ನು ಆರಂಭದಲ್ಲೇ ಬೇಡವೆನ್ನಬೇಕು. ಎರಡನೆಯದಾಗಿ, ಹಿತ್ತಲು ಇಲ್ಲದ ಲೈನ್ ಮನೆಯ ಮಕ್ಕಳು ಬರಿಗೈಯಲ್ಲಿ ನಿಲ್ಲದಂತೆ ತಕ್ಕಡಿ ಹಿಡಿಯುವ, ಲೆಕ್ಕ ಬರೆಯುವ, ಚಿಲ್ಲರೆ ಕೊಡುವ ಕೆಲಸಗಳನ್ನು ಅವರಿಗೆ ಮೊದಲೇ ವಹಿಸಬೇಕು.

ಐರ್ಲೆಂಡಿನ ಅನೇಕ ಶಾಲೆಗಳಲ್ಲಿ ಮಕ್ಕಳದ್ದೇ ಒಂದು ಹಸಿರು ಸಮಿತಿಯಿದ್ದು, ಕಸ, ವಿದ್ಯುತ್, ನೀರು ಎಂದು ವಿಷಯಗಳನ್ನು ಒಂದೊಂದಾಗಿ ಎತ್ತಿಕೊಂಡು, ಕೆಲಸ ಮುಗಿದಾಗ ಹಸಿರು ಧ್ವಜವನ್ನು ಪಡೆಯುತ್ತದೆ. ನಮ್ಮಲ್ಲಿ ಇದಕ್ಕಿಂತ ಹರಿತವಾದ ಸಾಧನವೊಂದಿದೆ, ಅದು ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ. ಅಲ್ಲಿ ಮಕ್ಕಳು ಕೇಳಿದ್ದನ್ನು, ಶೌಚಾಲಯದ ನೀರಾಗಲಿ ಶಾಲೆಯ ದಾರಿಯ ಕಾಲುಸಂಕವಾಗಲಿ, ಅವರ ಮಾತಿನಲ್ಲೇ ವಾರ್ತಾಪತ್ರದಲ್ಲಿ ಅಚ್ಚು ಮಾಡಿ, ಪಕ್ಕದಲ್ಲಿ ‘ಪಂಚಾಯಿತಿಯ ಉತ್ತರ’ ಎಂದು ಒಂದು ಅಂಕಣವನ್ನು ಇಡಬೇಕು. ಉತ್ತರ ಬಾರದಿದ್ದರೆ ಅಂಕಣ ಖಾಲಿಯಾಗಿಯೇ ಇರಲಿ. ಇದರಲ್ಲಿ ಯಾರನ್ನೂ ಟೀಕಿಸುವ ಮಾತಿಲ್ಲದಿದ್ದರೂ ಖಾಲಿ ಅಂಕಣವನ್ನು ಊರು ಓದುತ್ತದೆ.

ಪ್ರತಿಭಾ ಕಾರಂಜಿಯ ವರದಿಯಲ್ಲಿ ಕ್ಲಸ್ಟರ್ ಮಟ್ಟದಿಂದ ತಾಲ್ಲೂಕು ಮಟ್ಟಕ್ಕೆ ಹೋದವರ ಹೆಸರಷ್ಟೇ ಬರುವುದು ರೂಢಿ. ಭಾಗವಹಿಸಿದ ಎಲ್ಲರ ಹೆಸರನ್ನೂ ಅವರು ಮಾಡಿದ್ದೇನೆಂಬುದರೊಡನೆ ಒಂದೊಂದು ಸಾಲಿನಲ್ಲಿ ಬರೆದರೆ ಅರ್ಧ ಪುಟವೂ ಆಗುವುದಿಲ್ಲ.

ಬರೆಯಿಸುವುದು ಮತ್ತು ತಿದ್ದುವುದು

ವಾರ್ತಾಪತ್ರದ ಏಳುಬೀಳು ಇರುವುದು ಇಲ್ಲಿ. ಪ್ರತಿ ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ಅರ್ಧ ಗಂಟೆಯನ್ನು ಸುದ್ದಿ ಬರೆಯಲು ಮೀಸಲಿಟ್ಟು, ಆ ವಾರ ನಡೆದ ಒಂದು ಸಂಗತಿಯನ್ನು ಪ್ರತಿ ಮಗುವೂ ಮೂರು ವಾಕ್ಯಗಳಲ್ಲಿ ಬರೆಯುವಂತೆ ಮಾಡಬೇಕು. ಡಿಸೆಂಬರಿನಲ್ಲಿ ಕೂತು ಅಕ್ಟೋಬರಿನದನ್ನು ನೆನಪಿಸಿಕೊಂಡರೆ ‘ತುಂಬಾ ಚೆನ್ನಾಗಿತ್ತು’ ಎಂಬ ಮಾತಲ್ಲದೆ ಬೇರೇನೂ ಬರುವುದಿಲ್ಲ. ಅದೇ ವಾರ ಬರೆದದ್ದರಲ್ಲಿ ಅಂಕಿ, ಹೆಸರು, ಯಾರೋ ಬಿದ್ದದ್ದು, ಯಾರೋ ನಕ್ಕದ್ದು ಎಲ್ಲವೂ ಇರುತ್ತದೆ. ಇನ್ನೂ ಬರೆಯಲಾರದ ಚಿಕ್ಕವರು ಹೇಳಲಿ, ದೊಡ್ಡ ಮಕ್ಕಳು ಬರೆದುಕೊಳ್ಳಲಿ.

‘ಶಾಲೆಯಲ್ಲಿ ಮಳೆ ಮಾಪನ ಕಾರ್ಯಕ್ರಮವನ್ನು ವಿಜೃಂಭಣೆಯಿಂದ ಹಮ್ಮಿಕೊಳ್ಳಲಾಯಿತು, ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು’ ಎಂಬ ವಾಕ್ಯ ಯಾವ ಶಾಲೆಗೂ, ಯಾವ ವರ್ಷಕ್ಕೂ ಹೊಂದುತ್ತದೆ. ‘ಬುಧವಾರ ನಮ್ಮ ಬಾಟಲಿಯಲ್ಲಿ 22 ಮಿಲಿಮೀಟರ್ ಇತ್ತು. ಒಂದು ಇಂಚಿಗೆ ಸ್ವಲ್ಪ ಕಮ್ಮಿ ಅಂತ ಅಜ್ಜ ಹೇಳಿದರು. ಕಣದಲ್ಲಿ ಹಾಕಿದ್ದ ಕಾಫಿ ನೆನೆಯಿತು ಅಂತ ಅಮ್ಮ ಬೈದರು’ ಎಂಬ ಮಾದರಿಯ ಬರಹದಲ್ಲಿ ಒಂದು ಮನೆಯೂ ಒಂದು ದಿನವೂ ಕಾಣುತ್ತವೆ. ಶಿಕ್ಷಕರು ಕಾಗುಣಿತವನ್ನು ತಿದ್ದಲಿ, ‘ಕಮ್ಮಿ’ಯನ್ನು ‘ಕಡಿಮೆ’ ಎಂದು, ‘ಬೈದರು’ ಎಂಬುದನ್ನು ‘ಬೇಸರಿಸಿದರು’ ಎಂದು ತಿದ್ದುವ ಅಗತ್ಯವಿಲ್ಲ. ಪ್ರತಿ ಮಗುವಿನ ಕನಿಷ್ಠ ಒಂದು ವಾಕ್ಯವಾದರೂ ಅಚ್ಚಾಗಬೇಕು. ಇಪ್ಪತ್ತು ಮೂವತ್ತು ಮಕ್ಕಳ ಶಾಲೆಯಲ್ಲಿ ಅದು ಕಷ್ಟವೇನಲ್ಲ, ದೊಡ್ಡ ಶಾಲೆಗಳಲ್ಲಿ ಹೆಸರುಗಳ ಪಟ್ಟಿ ಮಾಡಿಕೊಂಡು ಸರದಿಯಂತೆ ಹೊಂದಿಸಬಹುದು.

ಮುಖ್ಯಶಿಕ್ಷಕರ ಮಾತು ಹತ್ತು ಸಾಲನ್ನು ಮೀರದಿರಲಿ; ಅದರಲ್ಲಿ ಮುಂದಿನ ಅವಧಿಯ ದಿನಾಂಕಗಳು ಮತ್ತು ನೆರವಾದವರಿಗೆ ಕೃತಜ್ಞತೆ ಇರಲಿ. ಬಿಸಿಯೂಟದ ಅಡುಗೆಯವರ ಹೆಸರು ಆ ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನನ್ನ ಪಟ್ಟು.

ಚಿತ್ರ, ಹೆಸರು ಮತ್ತು ಒಪ್ಪಿಗೆ

ಮಕ್ಕಳ ಚಿತ್ರವನ್ನು ಬಳಸುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ವರ್ಷದೊಳಗಿನವರ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನೇ ಮುಂದಿಟ್ಟಿದೆ. ಜೂನ್‌ನಲ್ಲಿ ಪಡೆದ ಸಹಿಗಳು ಅಕ್ಟೋಬರಿನಲ್ಲಿ ಸೇರಿದ ಮಕ್ಕಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅವಧಿಯ ಆರಂಭದಲ್ಲಿ ಮತ್ತೊಮ್ಮೆ ಪಟ್ಟಿಯನ್ನು ನೋಡಬೇಕು. ಓದಲು ಬಾರದ ಪೋಷಕರಿಗೆ ಚೀಟಿಯನ್ನು ಓದಿ ಹೇಳಿ, ಬೇಡವೆನ್ನುವ ಹಕ್ಕು ಅವರಿಗಿದೆಯೆಂಬುದನ್ನೂ ತಿಳಿಸಬೇಕು. ಹೆಸರು ಮತ್ತು ತರಗತಿ ಸಾಕು, ಮನೆಯ ವಿಳಾಸ, ಫೋನ್ ಸಂಖ್ಯೆ, ಮಗು ಯಾವ ದಾರಿಯಲ್ಲಿ ಒಬ್ಬಂಟಿಯಾಗಿ ನಡೆದು ಬರುತ್ತದೆಂಬ ವಿವರ ಎಲ್ಲಿಯೂ ಬರಬಾರದು. ದಾನಿಗಳಿಂದ ಶೂ, ಸ್ವೆಟರ್, ಬ್ಯಾಗ್ ಪಡೆಯುತ್ತಿರುವ ಮಗುವಿನ ಚಿತ್ರವನ್ನು ಹಾಕಲೇಬಾರದು; ದಾನಿಗಳು ಬಯಸಿದರೆ ವಸ್ತುಗಳ ಪಟ್ಟಿಯನ್ನು ಪ್ರಕಟಿಸಬಹುದು. ಕೈಗಳ ಚಿತ್ರ, ಭತ್ತದ ಕಾಳಿನ ಗುಂಪುಗಳ ಚಿತ್ರ, ಮಳೆಯ ನಕ್ಷೆಯ ಚಿತ್ರ ಮುಖಗಳಿಗಿಂತ ಹೆಚ್ಚು ಹೇಳುವ ಸಂದರ್ಭಗಳು ಅನೇಕ.

ಅಚ್ಚು ಮತ್ತು ಹಂಚಿಕೆ

ಒಂದು ಎ3 ಹಾಳೆಯನ್ನು ಮಡಿಸಿದರೆ ನಾಲ್ಕು ಪುಟಗಳಾಗುತ್ತವೆ, ಕಪ್ಪು ಬಿಳುಪಿನ ಜೆರಾಕ್ಸ್ ಸಾಕು. ಅಕ್ಷರ ದೊಡ್ಡದಿರಲಿ, ಓದುವವರಲ್ಲಿ ಅಜ್ಜಿಯರೂ ಇದ್ದಾರೆ. ಕಂಪ್ಯೂಟರಿನಲ್ಲಿ ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಮೊಬೈಲಿಗೆ ಕಳುಹಿಸಿದರೆ ಅಕ್ಷರಗಳು ಕಲಸಿಹೋಗುವುದರಿಂದ, ಮೊದಲಿನಿಂದಲೇ ಯುನಿಕೋಡ್‌ನಲ್ಲಿ ಬರೆಯುವುದು ಸುಲಭ. ವಾಟ್ಸ್‌ಆ್ಯಪ್ ಗುಂಪಿಗೆ ಪಿಡಿಎಫ್ ಕಳುಹಿಸುವಾಗ ಚಿತ್ರಗಳ ಗಾತ್ರವನ್ನು ಇಳಿಸಬೇಕು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಮನೆಗಳಿಗೆ ದೊಡ್ಡ ಕಡತ ತಲುಪುವುದಿಲ್ಲ. ಮುದ್ರಿತ ಪ್ರತಿಗಳನ್ನು ಪ್ರತಿ ಮನೆಗೆ ಒಂದರಂತೆ ಕೊಟ್ಟು, ಉಳಿದವನ್ನು ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣ, ಪಂಚಾಯಿತಿ ಕಚೇರಿ ಹಾಗೂ ಹತ್ತಿರದ ಲೈನ್ ಮನೆಗಳ ಗೋಡೆಗೆ ಅಂಟಿಸಬಹುದು. ತೋಟದೊಳಗೆ ಅಂಟಿಸಲು ಮಾಲೀಕರನ್ನು ಅಥವಾ ತೋಟದ ಲೆಕ್ಕ ನೋಡುವ ರೈಟರನ್ನು ಕೇಳಬೇಕು.

ಪತ್ರ ಮನೆಗೆ ಹೋದ ದಿನದ ಮನೆಗೆಲಸವಾಗಿ, ಮಗು ಅದರ ಒಂದು ಪುಟವನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಕೇಳಿದವರು ಹೇಳಿದ ಒಂದು ಮಾತನ್ನು ಕೊನೆಯ ಪುಟದ ಕೆಳಗಿನ ಚೀಟಿಯಲ್ಲಿ ಬರೆದು ತರಬೇಕು. ಕೊಯ್ಲಿನ ಕಾರಣ ಸಭೆಗೆ ಬಾರದ ತಂದೆತಾಯಿಯರ ಮಾತೂ ಹೀಗೆ ಶಾಲೆಗೆ ಬರುತ್ತದೆ. ಈ ಚೀಟಿಗಳನ್ನು, ಪತ್ರದ ಎರಡು ಪ್ರತಿಗಳನ್ನು ಮತ್ತು ಮಳೆಯ ಪುಸ್ತಕವನ್ನು ಒಂದೇ ಕಡತದಲ್ಲಿಟ್ಟು ಶಾಲೆಯ ದಾಖಲೆಗಳ ಜೊತೆ ಸೇರಿಸಬೇಕು. ಮಳೆಯ ಬಾಟಲಿಯನ್ನು ಡಿಸೆಂಬರಿನಲ್ಲಿ ಕಿತ್ತಿಡಬಾರದು; ಕಾಫಿ ಹೂವಿಗೆ ಬೇಕಾದ ಮಳೆ ಫೆಬ್ರವರಿ–ಮಾರ್ಚ್‌ನಲ್ಲಿ ಬರುವುದರಿಂದ, ಅಳೆಯುವ ಜೋಡಿಗಳ ಹೊಸ ಸರದಿಯನ್ನು ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವವರೆಗೆ ಬರೆದು ಗೋಡೆಗೆ ಹಾಕಬೇಕು.